ಅಪಕುಕಿಯ ಬುಟ್ಟಿ

ಪಕ್ಕದ ದ್ವೀಪದ ಅಪಕುಕಿ ನಮ್ಮ ಮನೆಗೆ ಅತಿಥಿಯಾಗಿ ಬಂದು ದೋಣಿಯಿಂದಿಳಿದ ಮೂರನೆಯ ದಿನ ವಾವು ಮರದ ಹೆಣ್ಣು ಇಗುವಾನ ಕಾಣೆಯಾಯಿತು. ತುಂಡು ಬಾಲದ, ಓತಿಯ ಜಾತಿಯ ಹಸಿರು ಪ್ರಾಣಿ, ಹೊಟ್ಟೆಯ ತುಂಬ ಮೊಟ್ಟೆ. ಆಡುಗಳು ಕಾಡನ್ನು ಬೋಳಿಸಿದ ಮೇಲೆ ನಮ್ಮ ಕಡೆ ಉಳಿದ ಹೆಣ್ಣು ಇದೊಂದೇ. ಇದನ್ನು ಕಾಯಲು ಊರು ಒಪ್ಪಿಸಿದ್ದು ನನ್ನ ಅಕ್ಕನ ಗಂಡ ಸೆವನಾಯಾನಿಗೆ.

"ಅಪಕುಕಿ ಬುಟ್ಟಿ ನೋಡಿದ್ಯಾ? ನಿನ್ನೆ ಖಾಲಿ ಇತ್ತು. ಇವತ್ತು ಅದರ ಬಾಯಿಗೆ ಬಾಳೆಲೆ ಕಟ್ಟಿದಾನೆ," ಎಂದ ಭಾವ.

"ಗೆಣಸಿರಬಹುದು, ಭಾವ."

"ಗೆಣಸು ಉಸಿರಾಡ್ಲಿ ಅಂತ ಎಲೆಗೆ ತೂತು ಬಿಡ್ತಾರೇನೋ?"

ಬುಟ್ಟಿಯಲ್ಲೇನು ಎಂದು ಕೇಳಿಬಿಡಬಹುದಿತ್ತು. ಆದರೆ ಅಪಕುಕಿಯ ಊರಿಗೂ ನಮ್ಮೂರಿಗೂ ಮೂಲದೈವ ಒಂದೇ. ಅಲ್ಲಿಯವರು ನಮ್ಮ ಮನೆಯಿಂದ ಏನನ್ನೆತ್ತಿಕೊಂಡರೂ ಮನಸಾರೆ ಬೈಯಬಹುದು, ಕೊಡುವುದಿಲ್ಲ ಎನ್ನುವಂತಿಲ್ಲ; ಇಗುವಾನವಾದರೂ ಅಷ್ಟೇ. ಭಾವನ ಹೂವಿನ ಅಂಗಿ ಆಗಲೇ ಅಪಕುಕಿಯ ಮೈಮೇಲಿತ್ತು.

ಮಧ್ಯಾಹ್ನ ಯಾಂಗೋನ ಬೇರಿನ ಪಾನೀಯದ ಬಟ್ಟಲು ಸುತ್ತು ಬರುವಾಗ ಅಪಕುಕಿ ಭಾವನನ್ನು ನೋಡಿ ನಕ್ಕ. "ಏನಯ್ಯಾ, ನನ್ನ ಬುಟ್ಟಿನ ಹೆಂಡತಿ ಥರ ಕಾಯ್ತಿದೀಯ."

"ಹೆಂಡತಿಯಾದ್ರೆ ನಿನ್ನ ಹತ್ರ ಬಿಟ್ಟು ನಿಶ್ಚಿಂತೆಯಾಗಿರ್ತಿದ್ದೆ. ನಿನ್ನ ಮುಖ ನೋಡಿ ಅವಳೇ ಓಡಿ ಬರ್ತಿದ್ಲು."

ನಾನು ಭಾವನ ಕಿವಿಯಲ್ಲಿ ಹೇಳಿದೆ: "ಆ ರೂಢಿ ಅವನೊಬ್ಬನಿಗೇ ಅಲ್ವಲ್ಲ. ನೀವೂ ಅವನದ್ದನ್ನ ಎತ್ಕೋಬಹುದು."

ಮೂರು ದಿನ ಉಪಚಾರ ಮಾಡಿ ಮಾಡಿ ಭಾವನಿಗೆ ಇದು ಮರೆತೇ ಹೋಗಿತ್ತು. ಎದ್ದವನೇ ಬುಟ್ಟಿ ಕಸಿದು ಎಲೆ ಹರಿದ. ಒಳಗಿದ್ದದ್ದು ಅಕ್ಕನ ಅಲ್ಯೂಮಿನಿಯಂ ಪಾತ್ರೆ. ಎಲೆ ತೂತಾದದ್ದು ಅದರ ಮುರಿದ ಹಿಡಿಯಿಂದ.

ಅಪಕುಕಿ ನಗುತ್ತಿರುವಾಗಲೇ ಹಿತ್ತಲಿನಿಂದ ಅಕ್ಕ ಕೂಗಿದಳು. "ಬನ್ನಿ ಇಲ್ಲಿ, ನಿಮ್ಮ ಮಹಾರಾಣಿ ಸಿಕ್ಕಿದಾಳೆ."

ಇಗುವಾನ ಮೂತಿಗೆ ಮಣ್ಣು ಮೆತ್ತಿಕೊಂಡು, ತಾನೇ ತೋಡಿದ ಗುಂಡಿಯನ್ನು ಮುಚ್ಚುತ್ತಿತ್ತು. ಹೊಟ್ಟೆ ಒಳಸೇರಿತ್ತು. ನಮ್ಮನ್ನು ಕಂಡು ಮೈ ಕಪ್ಪು ಮಾಡಿಕೊಂಡು ಮರ ಹತ್ತಿತು.

ಭಾವನ ಮುಖ ಅರಳಿತು. ಆದರೆ ಅಪಕುಕಿ ಮರವನ್ನು ನೋಡುತ್ತಿರಲಿಲ್ಲ, ಮಣ್ಣನ್ನು ನೋಡುತ್ತಿದ್ದ.

"ಮರಿಯಾಗೋಕೆ ಎಷ್ಟು ದಿನ ಬೇಕು?"

"ಎಂಟೊಂಬತ್ತು ತಿಂಗಳು. ಯಾಕೆ?"

"ಸುಮ್ಮನೆ. ಮಣ್ಣು ಸಡಿಲವಾಗಿದೆ, ಅದಕ್ಕೇ ಕೇಳಿದೆ."

ಭಾವ ಒಳಗಿನಿಂದ ಚಾಪೆ ತಂದು ಆ ಜಾಗದ ಪಕ್ಕದಲ್ಲೇ ಹಾಸಿ ಕುಳಿತ. ಮರುದಿನ ಅತಿಥಿಯನ್ನು ದೋಣಿಗೆ ಬಿಡಲೂ ಏಳಲಿಲ್ಲ.

"ಎಲ್ಲಿ ನಿಮ್ಮ ಭಾವ?" ಎಂದ ಅಪಕುಕಿ, ನೀರಿಗಿಳಿಯುತ್ತ.

"ಕಾವಿಗೆ ಕೂತಿದಾರೆ."

ಬುಟ್ಟಿಯನ್ನು ದೋಣಿಗೆ ಎತ್ತಿಕೊಟ್ಟವನು ನಾನೇ. ಕೊಡುವ ಮುಂಚೆ ಒಮ್ಮೆ ಮೆಲ್ಲಗೆ ಅಲುಗಿಸಿ ನೋಡಿದೆ. ಪಾತ್ರೆಯ ಸದ್ದಷ್ಟೇ ಬಂತು.