ಐವತ್ತನೆಯ ತಲೆ

ನಡೆದದ್ದೇ ಇದು, ಒಂದಕ್ಷರ ಸುಳ್ಳಿಲ್ಲ, ಬಾಯಲ್ಲಿ ಉಳಿದಿರುವ ನಾಲ್ಕು ಹಲ್ಲಿನ ಮೇಲೆ ಆಣೆ, ಬೇಕಾದರೆ ಐದನೆಯದರ ಮೇಲೂ — ಅದು ಅಲ್ಲಾಡುತ್ತಿದೆ, ಅದಕ್ಕೇ ಲೆಕ್ಕಕ್ಕೆ ಹಿಡಿದಿಲ್ಲ — ನಾಳೆ ಮೀನು ಕೊಯ್ಯುವ ಶೆಡ್ಡಿನಲ್ಲಿ ಇದನ್ನು ಹೇಳುವಾಗ ಹೀಗೇ ಶುರು ಮಾಡಬೇಕು ಎಂದುಕೊಂಡ ಎನೋಕ್, ಯಾಕೆಂದರೆ ಆ ಹುಡುಗಿಯ ಪೆನ್ನು ಕಾಗದದಿಂದ ಒಂದು ಬೆರಳು ಮೇಲೆ ನಿಂತುಬಿಟ್ಟಿದೆ, ಹಿಮದ ತೂತಿನ ಹತ್ತಿರ ಸೀಲ್ ಮೂಗು ತೋರಿಸುವ ಮೊದಲು ಈಟಿ ನಿಲ್ಲುತ್ತದಲ್ಲ, ಹಾಗೆ, ಆದರೆ ಅರವತ್ತು ವರ್ಷ ಈಟಿಯ ಹಿಂದೆ ನಿಂತವನು ತಾನು, ಇವತ್ತು ತೂತಿನ ಕೆಳಗಿರುವವನೂ ತಾನೇ, ಅದು ಹೊಳೆದದ್ದೇ ನಗು ಬಂತು, ನಗುವನ್ನು ಕಾಫಿಯ ಜೊತೆ ನುಂಗಿದ. ಪಟ್ಟಣದ ಕಚೇರಿಯಿಂದ ತಲೆ ಎಣಿಸಲು ಬಂದವಳು, ಬೆಳಿಗ್ಗೆ ದೋಣಿಯಿಂದ ಇಳಿಯುವಾಗ ಬೂಟಿನ ತುಂಬ ಸಮುದ್ರ ತುಂಬಿಕೊಂಡವಳು, ಈಗ ಎನೋಕನದೇ ಉಣ್ಣೆಯ ಕಾಲುಚೀಲ ಹಾಕಿಕೊಂಡು ಅವನ ಅಡುಗೆಮನೆಯಲ್ಲೇ ಕೂತು ಅವನೂರನ್ನು ಮುಚ್ಚಲು ಹೊರಟಿದ್ದಾಳೆ, ಪಾಪ, ಒಳ್ಳೆ ಹುಡುಗಿ, ತಿಮಿಂಗಿಲದ ತೊಗಲನ್ನು ಮೊದಲು ಮೂಸಿ ನೋಡಿದಳು, ಆಮೇಲೆ ನಾಲ್ಕು ತುಂಡು ತಿಂದಳು. ಎನೋಕಜ್ಜ, ನಾನು ಮಾಡಿದ ನಿಯಮ ಅಲ್ಲ ಇದು, ಅಂದಳು, ಐವತ್ತು ತಲೆ ಇರಬೇಕು, ನಲವತ್ತೊಂಬತ್ತಾದ್ರೆ ಅಂಗಡಿ ಇರಲ್ಲ, ಸರಕಿನ ಹಡಗು ಬರಲ್ಲ, ಕರೆಂಟಿನ ಯಂತ್ರಕ್ಕೆ ಎಣ್ಣೆ ಕೊಡಲ್ಲ, ನಿಮ್ಮನ್ನೆಲ್ಲ ಪಟ್ಟಣಕ್ಕೆ ಕರ್ಕೊಂಡು ಹೋಗ್ತಾರೆ, ಬೆಚ್ಚಗಿನ ಮನೆ ಕೊಡ್ತಾರೆ. ಎಷ್ಟನೇ ಮಹಡಿ ಅಂದ ಎನೋಕ್. ನಾಲ್ಕೋ ಐದೋ. ನಾಯಿಗಳು ಮೆಟ್ಟಿಲು ಹತ್ತಲ್ವಲ್ಲ ಮಗಳೇ. ನಾಯಿ ಬಿಡು, ಈ ಮುದುಕನೇ ಹತ್ತಲ್ಲ, ಅಂದಳು ಒಲೆಯ ಹತ್ತಿರದಿಂದ ಹೆಂಡತಿ ಬಿಬಿಯಾನ, ಎರಡನೇ ಮೆಟ್ಟಿಲಲ್ಲಿ ಕೂತು ಕಥೆ ಶುರು ಮಾಡ್ತಾನೆ, ಹಿಂದಿನವರೆಲ್ಲ ಅಲ್ಲೇ ಬೆಳಗು ಮಾಡಬೇಕು.

ಮುಚ್ಚುವುದಂತೆ, ಯಾರಾದರೂ ಕೇಳಿದರೆ ನಕ್ಕಾರು, ಇಡೀ ಪ್ರಪಂಚವೇ ಈಗ ಉತ್ತರಕ್ಕೆ ಮುಖ ತಿರುಗಿಸಿದೆ, ಮಂಜುಗಡ್ಡೆ ಬೇಗ ಕರಗುತ್ತದೆ, ದೋಣಿ ಮೊದಲಿಗಿಂತ ಎರಡು ತಿಂಗಳು ಜಾಸ್ತಿ ಓಡುತ್ತದೆ, ಪಟ್ಟಣದಲ್ಲಿ ದೊಡ್ಡ ವಿಮಾನ ಇಳಿಯುತ್ತದೆ, ಎನೋಕ್ ಹಿಡಿದ ಚಪ್ಪಟೆ ಮೀನು ಅವನಿಗಿಂತ ಮೊದಲೇ ವಿದೇಶ ನೋಡಿ ಬರುತ್ತದೆ — ಅಂಥ ಒಂದು ಮೀನು, ಬಾಗಿಲಿನಷ್ಟಗಲ, ಅದನ್ನು ಎತ್ತಿದ ಮೇಲೆ ಸಮುದ್ರ ನಾಲ್ಕು ಬೆರಳು ಇಳಿದು ಊರಿನ ದೋಣಿಗಳೆಲ್ಲ ಕಲ್ಲಿನ ಮೇಲೆ ಕೂತಿದ್ದವು, ಬೈಸಿಕೊಂಡದ್ದು ಇನ್ನೂ ಕಿವಿಯಲ್ಲಿದೆ — ಗುಡ್ಡದಲ್ಲಿ ಅದಿರು ಹುಡುಕಲು ಬಂದವರು ಊರಲ್ಲಿ ಎಷ್ಟು ಜನ ಎಂದು ಕೇಳಿದಾಗ ಮುನ್ನೂರು ಅಂದಿದ್ದ, ನಾಯಿಗಳನ್ನೂ ಸೇರಿಸಿ, ನಾಯಿ ಉಣ್ಣುವುದಿಲ್ಲವೇ, ದುಡಿಯುವುದಿಲ್ಲವೇ, ಅವರು ತಲೆಯಾಡಿಸಿ ಬರೆದುಕೊಂಡಿದ್ದರು, ದೊಡ್ಡ ಮನುಷ್ಯರು. ಇವಳು ಹಾಗೆ ಬರೆದುಕೊಳ್ಳುವವಳಲ್ಲ. ಮನೆಮನೆಗೆ ಹೋಗಿ ಮೂಗು ನೋಡಿ ಎಣಿಸಿ ಬಂದಿದ್ದಾಳೆ, ಕೊನೆಗೆ ಉಳಿದದ್ದು ಇದೇ ಮನೆ, ಊರ ಹಿರಿಯ ಎನೋಕನ ಮನೆ, ಪಟ್ಟಿಯಲ್ಲಿ ತುಕುಮೆಕ್ ಎಂಬ ಹೆಸರು ಎರಡು ಸಲ, ಒಂದಕ್ಕೆ ಎಂಬತ್ತೆಂಟು ವರ್ಷ, ಇನ್ನೊಂದಕ್ಕೆ ಒಂಬತ್ತು ತಿಂಗಳು. ವೈದ್ಯರ ಹಡಗು ಬಂದಾಗ ದೊಡ್ಡವರು ಕಣ್ಣು ತೋರಿಸೋಕೆ ಬರಲೇ ಇಲ್ವಂತೆ, ಎಲ್ಲಿದ್ದಾರೆ ನಿಮ್ಮವ್ವ, ಅಂತ ಕೇಳಿದಳು. ಒಳಗೆ ಮಲಗಿದಾಳೆ, ಅಂದ ಎನೋಕ್, ಮೆಲ್ಲಗೆ ಹೋಗು, ಹಲ್ಲು ಬರ್ತಾ ಇದೆ, ಸಿಟ್ಟು ಜಾಸ್ತಿ. ಕಾಲುಚೀಲದಲ್ಲಿ ಸದ್ದಿಲ್ಲದೆ ಹೋದಳು, ಇಣುಕಿದಳು, ತುಂಬ ಹೊತ್ತು ಇಣುಕಿದಳು, ತಿರುಗಿ ಬಂದು ಕೂತಳು. ಗಂಡು ಮಗು, ಅಂದಳು. ಹೂಂ, ಈ ಸಲ ಗಂಡು, ಅಂದ ಎನೋಕ್.

ಸುಳ್ಳೇ ಅದು? ಮೋಸ ಮಾಡಬೇಕೆಂದಿದ್ದರೆ ಇದಕ್ಕಿಂತ ಚೆನ್ನಾಗಿ ಮಾಡಲು ಬರುವುದಿಲ್ಲವೇ ಎನೋಕನಿಗೆ, ಇಲ್ಲ, ಅವತ್ತು ಇದೇ ಮೇಜು, ಇದೇ ಕುರ್ಚಿ, ಅವ್ವನನ್ನು ಕಲ್ಲುಗಳ ಕೆಳಗೆ ಮಲಗಿಸಿ ಮೂರು ದಿನ, ಹೆಪ್ಪುಗಟ್ಟಿದ ನೆಲ ಅಗೆಯಲು ಬಿಟ್ಟಿರಲಿಲ್ಲ, ಕಲ್ಲು ಹೊತ್ತು ಹೊತ್ತು ಬೆರಳು ಮಡಚುತ್ತಿರಲಿಲ್ಲ, ಮುಂದೆ ಕಚೇರಿಯ ಕಾಗದ, ತೀರಿಕೊಂಡವರ ಹೆಸರು ಎಂದು ಒಂದು ಚೌಕ, ಬರೆಯಲು ಹೊರಟಿದ್ದನಪ್ಪ, ಬರೆಯಲೇ ಹೊರಟಿದ್ದ, ಅಷ್ಟರಲ್ಲಿ ಒಳಗಿನಿಂದ ಅಳು, ಎಂಥ ಅಳು, ಅವ್ವ ಅಂಗಡಿಯವನನ್ನು ಬಯ್ಯುವಾಗ ಏರುತ್ತಿತ್ತಲ್ಲ, ಅದೇ ದನಿ, ಬಿಬಿಯಾನ ಓಡಿ ಬಂದು, ಬಂದ್ಲು ಕಣೋ, ನಿಮ್ಮವ್ವ ವಾಪಸ್ ಬಂದ್ಲು, ಮಗಳಿಗೆ ಗಂಡಾಗಿದೆ, ಎಡಗಿವಿ ನೋಡು ಮಡಚಿದೆ, ಅವಳದೇ ಕಿವಿ. ಮಗುವಿಗೆ ಅವಳದೇ ಹೆಸರಿಟ್ಟರು, ಹೆಸರಿನ ಜೊತೆ ಅವಳೂ ಬಂದಳು, ಎಂದಿನಂತೆ, ಊರಲ್ಲಿ ಯಾರ ಮನೆಗೆ ಬಂದಿಲ್ಲ ಹಾಗೆ? ಆಮೇಲೆ ಆ ಚೌಕದಲ್ಲಿ ಏನೆಂದು ಬರೆಯುವುದು, ಒಳಗೆ ಹಾಲು ಕುಡಿಯುತ್ತಿರುವವಳನ್ನು ತೀರಿಕೊಂಡಳು ಎಂದು ಬರೆಯಲು ಯಾವ ಮಗನಿಗೆ ಕೈ ಬಂದೀತು, ಖಾಲಿ ಬಿಟ್ಟ, ಹೊಸದಾಗಿ ಹುಟ್ಟಿದವರು ಎಂಬ ಚೌಕದಲ್ಲಿ ಮಾತ್ರ ತುಂಬಿದ, ಅಷ್ಟೇ, ಅವಳಿಗೆ ಸೀಲಿನ ಕೊಬ್ಬು ಇಷ್ಟ, ಈಗಲೂ ಬೆರಳಲ್ಲಿಟ್ಟರೆ ಚೀಪುತ್ತಾಳೆ.

ಅಜ್ಜ, ನನಗೆ ಅರ್ಥ ಆಗುತ್ತೆ, ಅನ್ನುತ್ತಿದ್ದಾಳೆ ಹುಡುಗಿ, ಆದರೆ ಕಾಗದಕ್ಕೆ ಅರ್ಥ ಆಗಲ್ಲ, ಒಂದು ಮೈ ಇದ್ರೆ ಒಂದು ಹೆಸರು, ಇಬ್ಬರಲ್ಲಿ ಒಬ್ಬರನ್ನ ಹೊಡೀಲೇಬೇಕು. ಹೊಡೆದರೆ ನಲವತ್ತೊಂಬತ್ತು. ಕಿಟಕಿಯಾಚೆ ಕೊಲ್ಲಿಯಲ್ಲಿ ದೊಡ್ಡ ಹಿಮಗುಡ್ಡ ಒಮ್ಮೆ ನರಳಿ ಸುಮ್ಮನಾಯಿತು, ಪೆನ್ನು ಅಲ್ಲೇ ಇದೆ, ನೀಲಿ, ತುದಿ ಅವ್ವನ ಹೆಸರಿನ ಮೊದಲ ಅಕ್ಷರದ ಮೇಲೆ, ಎನೋಕನ ಎದೆಯಲ್ಲಿ ಮೊದಲ ಸಲ ಏನೋ ಕುಸಿದಂತಾಯಿತು, ಬೇಸಿಗೆಯಲ್ಲಿ ಕಾಲಿನ ಕೆಳಗೆ ಹಿಮ ಟೊಳ್ಳಾಗುತ್ತದಲ್ಲ, ಹಾಗೆ, ಆದರೆ ಟೊಳ್ಳಾದಾಗ ನಿಲ್ಲಬಾರದು, ನಿಂತವನೇ ಮುಳುಗುವುದು, ಓಡುತ್ತಿರಬೇಕು, ಎಲ್ಲಿಗಾದರೂ, ಅವನ ಕಣ್ಣು ಓಡಿತು, ಪೆನ್ನಿನಿಂದ ಅವಳ ಬೆರಳಿಗೆ, ಕುಳ್ಳ ಬೆರಳು, ಅಗಲ ಅಂಗೈ, ಅಲ್ಲಿಂದ ಎದೆಯ ಮೇಲಿನ ಚೀಟಿಗೆ, ನಿವಿಯಾಕ್. ಬೆಳಿಗ್ಗೆಯಿಂದ ಊರವರ ಹೆಸರೆಲ್ಲ ಅವಳು ಕೇಳಿದ್ದಾಳೆ, ಅವಳ ಹೆಸರನ್ನು ಯಾರೂ ಕೇಳಿಲ್ಲ, ಎಂಥ ಊರು ಇದು, ಎಂಥ ಮರ್ಯಾದೆ. ಯಾರದಮ್ಮ ನಿನ್ನ ಹೆಸರು, ಅಂದ. ಅಂದ್ರೆ? ಯಾರ ಹೆಸರು ಹೊತ್ತಿದ್ದೀಯ? ಓ, ನಮ್ಮಜ್ಜಿಯ ಅವ್ವಂದು, ಅಂದಳು, ಅವರು ಸತ್ತ ವರ್ಷವೇ ನಾನು ಹುಟ್ಟಿದ್ದಂತೆ, ಈ ಕಡೆಯ ಯಾವುದೋ ಊರು, ಹೆರಿಗೆ ಮಾಡಿಸ್ತಿದ್ರಂತೆ. ಒಲೆಯ ಹತ್ತಿರ ಬಿಬಿಯಾನಳ ಕೈಯಿಂದ ಸೌಟು ಬಿತ್ತು. ಬೀಳದೆ ಇನ್ನೇನು, ಯಾವುದೋ ಊರಂತೆ, ಇದೇ ಊರು, ಸೂಲಗಿತ್ತಿ ನಿವಿಯಾಕ್, ಗುಡ್ಡದ ಮೇಲಿನ ಕೆಂಪು ಮನೆ, ಬಿರುಗಾಳಿಯಲ್ಲಿ ಹಗ್ಗ ಹಿಡಿದು ಬಂದು, ತಲೆಯ ಬದಲು ಕಾಲು ಮುಂದಿಟ್ಟು ಬರುತ್ತಿದ್ದ ಎನೋಕನನ್ನು ಹಿಡಿದೆಳೆದವಳು, ಅದಕ್ಕೇ ಇವನ ಕಾಲು ಇಷ್ಟುದ್ದ ಎಂದು ಅವ್ವ ಹೇಳುತ್ತಿದ್ದಳು, ಬಿಬಿಯಾನಳನ್ನು ಎಳೆದವಳೂ ಅವಳೇ, ಮೊಮ್ಮಗಳು, ಅಂದರೆ ಈ ಹುಡುಗಿಯ ಅವ್ವ, ಮೀನಿನ ಕಾರ್ಖಾನೆಯ ಕೆಲಸಕ್ಕೆಂದು ಪಟ್ಟಣಕ್ಕೆ ಹೋದಮೇಲೆ ಮುದುಕಿ ಆ ಮನೆಯಲ್ಲಿ ಒಬ್ಬಳೇ ಇದ್ದಳು, ಈ ಊರು ಬಿಟ್ಟು ಬರಲ್ಲ ಎಂದು ಹಟ ಹಿಡಿದು.

ಬಿಬಿಯಾನ ಕಿಟಕಿಯ ಪಕ್ಕದ ಹಿರಿಯರ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿದಳು, ಅಂಗಿಯ ತುದಿಯಿಂದ ಕುರ್ಚಿ ಒರೆಸಿದಳು, ಇಲ್ಲಿ ಕೂತ್ಕೊಳ್ಳಿ, ಅಂದಳು, ನೀವು. ಬೆಳಿಗ್ಗೆಯಿಂದ ನೀನು ನೀನು ಎಂದಿದ್ದವಳು. ಹುಡುಗಿ ಕಾಗದ ಹಿಡಿದು ಹೋಗಿ ಕೂತಳು, ಕುರ್ಚಿಯ ಮೇಲೆ ಪಾದ ನೆಲ ಮುಟ್ಟದು, ಮೊದಲಿನ ನಿವಿಯಾಕಳಿಗೂ ಮುಟ್ಟುತ್ತಿರಲಿಲ್ಲ. ಪಟ್ಟಣದಲ್ಲಿ ನನ್ನ ಪಕ್ಕದ ಬಾಗಿಲಿನವರ ಹೆಸರು ನಂಗೆ ಗೊತ್ತಿಲ್ಲ ಅಜ್ಜ, ಅಂದಳು ಇದ್ದಕ್ಕಿದ್ದಂತೆ, ಯಾರೂ ಕೇಳಿರಲಿಲ್ಲ. ಅಜ್ಜ ಅನ್ಬೇಡಿ ದೊಡ್ಡವ್ವಾ, ಅಂದ ಎನೋಕ್, ನನ್ನ ಹುಟ್ಟಿದ ಮೈ ಕಂಡವರು ನೀವು. ಅವಳು ನಕ್ಕಳು, ಆಮೇಲೆ ನಗು ನಿಲ್ಲಿಸಿ ಪೆನ್ನು ಇಳಿಸಿದಳು, ಎಂಬತ್ತೆಂಟರ ಮೇಲೆ, ನಿಧಾನ, ಒಂದೇ ಗೆರೆ, ಹಾಳೆಯ ಮೇಲೆ ಪೆನ್ನಿನ ಸದ್ದು ಇಷ್ಟು ದೊಡ್ಡದೇ, ಜಾರುಬಂಡಿಯ ಸದ್ದು, ಕಲ್ಲಿನ ಮೇಲೆ ಕಲ್ಲು ಇಡುವ ಸದ್ದು, ಹೋಗು ಅವ್ವ, ಅಂದುಕೊಂಡ ಎನೋಕ್, ಹೋಗು, ಕಾಗದದಿಂದ ತಾನೇ, ಕಣ್ಣಲ್ಲಿ ನೀರು ಬಂತು, ಬರಲಿ, ಕಾಫಿ ಬಿಸಿ ಇದೆ ಎಂದರಾಯಿತು. ನಲವತ್ತೊಂಬತ್ತು, ಅಂದಳು ಅವಳು, ದನಿ ಇಲ್ಲದೆ. ಕೆಳಗೆ ಒಂದು ಸಾಲು ಖಾಲಿ ಇದೆಯಲ್ಲ, ಅಂದ ಎನೋಕ್. ಇದೆ. ಗುಡ್ಡದ ಮೇಲೆ ನಿಮ್ಮ ಮನೆ ಇದೆಯಲ್ಲ, ಹೊಗೆಕೊಳವೆ ಹೋದ ಶರತ್ಕಾಲದಲ್ಲೇ ನಾನು ಸರಿಮಾಡಿದ್ದೀನಿ, ಯಾಕೆ ಅಂತ ಬಿಬಿಯಾನ ಬೈದಿದ್ಲು, ಶಾಲೇಲಿ ನಾಲ್ಕು ಮಕ್ಕಳಿದಾರೆ ಮೇಷ್ಟ್ರಿಲ್ಲ, ಎಣಿಸೋ ಕೆಲಸ ಬೇಕಂದ್ರೆ ಅದೂ ಇದೆ, ದಿನಾ ಎಣಿಸಿ, ಐವತ್ತು ತನಕ. ಪೆನ್ನು ಗೆರೆಯ ಕೊನೆಯಿಂದ ಏಳಲಿಲ್ಲ, ಜಾರಿತು, ಖಾಲಿ ಸಾಲಿಗೆ ಬಂತು, ನಿಂತಿತು, ಹಿಮಗುಡ್ಡವೂ ಈಗ ನರಳುತ್ತಿಲ್ಲ, ನೀಲಿ ತುದಿ, ಬಿಳಿ ಸಾಲು, ತುದಿಯ ಕೆಳಗೆ ಒಂದು ಚುಕ್ಕೆ, ಚುಕ್ಕೆ ಸ್ವಲ್ಪ ದಪ್ಪವಾಯಿತು, ನೀಲಿ ತುದಿ — ಶುರು ಮಾಡಿದ್ದೀರಲ್ಲ ದೊಡ್ಡವ್ವಾ, ಚುಕ್ಕೆ ಒಂದೇ ಬಿಡಬೇಡಿ, ನಿಮ್ಮ ಹೆಸರು ಪೂರ್ತಿ ಬರೀರಿ, ನನ್ನ ಕಾಲುಚೀಲ ಹೆಂಗೂ ನಿಮ್ಮ ಹತ್ರಾನೇ ಇದೆ.