ಗೋಡೆಯ ಹಸಿರು, ಅತ್ತೆಯ ಕಣ್ಣು

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ತನಗೆಂದು ಕೇಳಿದ್ದು ಒಂದೇ ಒಂದು: ನಡುಮನೆಯ ಗೋಡೆಗೆ ತನ್ನಿಷ್ಟದ ಬಣ್ಣ. ಪರದೆ ಅತ್ತೆಯ ಆಯ್ಕೆ, ಕುರ್ಚಿ ಅತ್ತೆಯ ಆಯ್ಕೆ, ಗಂಡನಂತೂ ಅತ್ತೆ ಹೆತ್ತವನೇ. ಗೋಡೆಯಾದರೂ ತನ್ನದಾಗಲಿ ಎಂದು ಅವಳ ಆಸೆ.

ಆರಿಸಿದ್ದು ಮಾಸಲು ಹಸಿರು. ಚಿಟಿಕೆ ಬೂದಿ ಬೆರೆಸಿದಂತಿರುವ, ಕಣ್ಣಿಗೆ ಹೊಡೆಯದ ಹಸಿರು. ಬಟ್ಟೆ ಗಿರಣಿಯಲ್ಲಿ ಬಣ್ಣ ಹೋಲಿಸಿ ನೋಡುವುದೇ ಅವಳ ಕೆಲಸ; ಅವಳು ಸರಿಯಿಲ್ಲ ಎಂದರೆ ಥಾನುಗಟ್ಟಲೆ ಬಟ್ಟೆ ವಾಪಸು. ಹಳದಿ ದೀಪದ ಕೆಳಗೆ ಬಣ್ಣ ನೋಡಬೇಡಿ, ನಿಜವಾದ ಬಣ್ಣ ಕಾಣುವುದಿಲ್ಲ ಎಂದು ಅಲ್ಲಿ ದಿನವೂ ಯಾರನ್ನಾದರೂ ಗದರುತ್ತಾಳೆ.

ಬಣ್ಣದವನು ಒಂದು ಗೋಡೆ ಮುಗಿಸುತ್ತಿದ್ದಂತೆ ಅತ್ತೆ ಬಂದು, ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು.

"ಇದೇನೇ, ಪಾಚಿ ಕಟ್ಟಿದ ಹಾಗಿದೆ!"

"ಒಣಗ್ಲಿ ಅತ್ತೆ, ಆಮೇಲೆ ನೋಡಿ."

ಒಣಗಿತು. "ಈಗ ಒಣಗಿದ ಪಾಚಿ," ಎಂದರು ಅತ್ತೆ.

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ಸ್ವಲ್ಪ ತಿಳಿ ಮಾಡಿಸಿದರೆ "ಕೆಸರು" ಎಂದರು, ಇನ್ನೂ ತಿಳಿ ಮಾಡಿಸಿದರೆ "ತೊಳೆದ ಕೆಸರು". ಗಂಡ ಅಮ್ಮನ ಮಾತಿಗೂ ಕೋಲೆಬಸವನಂತೆ ತಲೆಯಾಡಿಸಿದ, ಹೆಂಡತಿಯ ಮಾತಿಗೂ ಆಡಿಸಿದ. "ನೀವ್ನೀವೇ ಮಾತಾಡ್ಕೊಳ್ಳಿ," ಎಂದು ಟೀ ಕುಡಿಯಲು ಹೋದ ಬಣ್ಣದವನು ಸಂಜೆಯವರೆಗೆ ಬರಲಿಲ್ಲ. ಕೊನೆಗೆ ಅವಳಿಗೆ ಸಾಕುಸಾಕಾಗಿ, "ಆಯ್ತು ಅತ್ತೆ, ನಿಮ್ಮಿಷ್ಟ," ಎಂದುಬಿಟ್ಟಳು. ಬಣ್ಣದ ಪಟ್ಟಿಯಲ್ಲಿ ಅತ್ತೆ ಕೈಯಿಟ್ಟ, ಕಣ್ಣು ಕುಕ್ಕುವ ಹಸಿರೇ ಗೋಡೆಗೆ ಬಿತ್ತು. ಅವತ್ತಿನಿಂದ ಅವಳು ಗೋಡೆಗೆ ಬೆನ್ನು ಹಾಕಿ ಊಟಕ್ಕೆ ಕೂರತೊಡಗಿದಳು.

ಸ್ವಲ್ಪ ದಿನಕ್ಕೆ ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರು ನಡುಮನೆಯ ಬಾಗಿಲಲ್ಲೇ ನಿಂತರು.

"ಅಯ್ಯೋ! ಯಾರೇ ಗಿಳಿ ಅರೆದು ಗೋಡೆಗೆ ಬಳಿದವರು?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮರುಕ್ಷಣವೇ ವಿಷಯ ಹೊಳೆಯಿತು. ಎಲ್ಲ ಬಣ್ಣವನ್ನೂ ಹಳದಿಯಾಗಿ, ಮಂಕಾಗಿ ತೋರಿಸುವ ಪೊರೆ ಬಂದ ಕಣ್ಣೆಂದರೆ ಹಳದಿ ದೀಪವೇ ಅಲ್ಲವೇ? ಅತ್ತೆ ಇಷ್ಟು ದಿನ ಅದನ್ನು ಕಣ್ಣೊಳಗೇ ಇಟ್ಟುಕೊಂಡು ಓಡಾಡಿದ್ದಾರೆ. ಊರಿಗೆಲ್ಲ ಪಾಠ ಹೇಳುವ ತನ್ನ ತಲೆಗೇ ಅದು ಹೋಗಲಿಲ್ಲ. ಅತ್ತೆಯ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಯಿತು.

"ನೀವೇ ಆರಿಸಿದ್ದು," ಎಂದಳು ಹಲ್ಲು ಕಚ್ಚಿ.

"ನನ್ನ ಕಣ್ಣು ಮಂಜಾಗಿತ್ತು ಕಣೇ. ನಿನ್ನದು ಚೆನ್ನಾಗೇ ಇತ್ತಲ್ಲ, ಯಾಕೆ ಒಪ್ಕೊಂಡೆ?"

"ಬೇಡ ಅಂದಿದ್ರೆ ನೀವು ಬಿಡ್ತಿದ್ರಾ?"

ಅತ್ತೆ ನಿಜಕ್ಕೂ ಯೋಚಿಸಿದರು. "ಇಲ್ಲ," ಎಂದರು. "ಬಿಡ್ತಿರ್ಲಿಲ್ಲ. ಆದ್ರೂ ನೀನು ಇನ್ನೊಂದು ಸಲ ಹೇಳ್ಬೇಕಿತ್ತು."

ಜಗಳಕ್ಕೆ ಸಿದ್ಧಳಾಗಿ ನಿಂತಿದ್ದವಳಿಗೆ ಈ ಮಾತು ನುಂಗಲಾರದ ತುತ್ತಾಯಿತು. ಇಷ್ಟು ವರ್ಷದಲ್ಲಿ ತನಗೆ ಇದೇ ಬೇಕು ಎಂದು ಅವಳು ಯಾವತ್ತೂ ಎರಡನೇ ಸಲ ಹೇಳಿದವಳಲ್ಲ. ಅತ್ತೆ ಗದರಿದಾಗೆಲ್ಲ ‘ಆಯ್ತು ಅತ್ತೆ’ ಎಂದು ಬಿಟ್ಟುಕೊಟ್ಟು, ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದವಳು.

ಅವಳು ಬಣ್ಣದವನಿಗೆ ಫೋನು ಮಾಡಿದಳು. "ಈ ಸಲ ಯಾರು ಹೇಳಿದ ಬಣ್ಣ ಅಕ್ಕಾ?" ಎಂದನವನು.

"ನಾನು ಹೇಳಿದ್ದು. ಆ ಮಾಸಲು ಹಸಿರು."

"ಒಂಚೂರು ತಿಳಿ ಇರ್ಲಿ ಅನ್ನು," ಎಂದರು ಅತ್ತೆ ಹಿಂದಿನಿಂದ.

"ಆಗಲ್ಲ ಅತ್ತೆ," ಎಂದಳು. ಅತ್ತೆ ಮತ್ತೆ ಬಾಯಿ ತೆರೆಯುವ ಮೊದಲೇ ಇನ್ನೊಂದು ಸಲ ಹೇಳಿದಳು, "ಆಗಲ್ಲ."