ಮೂರನೆಯ ಹೆಣ

ಮುಖವಾಡದ ಕೊಲೆಗಾರನೊಬ್ಬ ಕುಸ್ತಿಪಟುಗಳನ್ನು ಒಬ್ಬೊಬ್ಬರನ್ನಾಗಿ ಕೊಚ್ಚಿಹಾಕುವ ಅಗ್ಗದ ಸಿನಿಮಾ ಅದು. ಹಳೆಯ ಕುಸ್ತಿಪಟುವಾದ ನಮ್ಮಪ್ಪನಿಗೆ ಮೂರನೆಯ ಹೆಣದ ಪಾತ್ರ. ಶೂಟಿಂಗಿನಲ್ಲಿ ರಿಂಗಿನ ಕೊಳೆತ ಹಲಗೆ ಕುಸಿದು ಅಪ್ಪನ ಸೊಂಟ ಮುರಿಯಿತು. ಅದನ್ನೇ ನಿರ್ದೇಶಕ ಸಿನಿಮಾದಲ್ಲಿ ಉಳಿಸಿಕೊಂಡಿದ್ದಾನೆಂದು ನನಗೆ ಗೊತ್ತಾದದ್ದು ಮೊದಲ ಪ್ರದರ್ಶನದಲ್ಲಿ. ಅಪ್ಪ ಚೀರಿದಾಗ ಜನ ಶಿಳ್ಳೆ ಹೊಡೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಾಲಿಗೆ ನುಗ್ಗಿ ನಿರ್ದೇಶಕನ ಕೊರಳಪಟ್ಟಿ ಹಿಡಿದೆ.

“ಮನುಷ್ಯ ಒದ್ದಾಡ್ತಿದ್ರೆ ಕ್ಯಾಮೆರಾ ಓಡಿಸ್ತಾ ಕೂತಿದ್ಯಾ?”

“ನಟನೆ ಅಂದ್ಕೊಂಡೆ ಕಣಮ್ಮಾ.”

“ಅಪ್ಪ ‘ಪುಟ್ಟೀ’ ಅಂತ ನನ್ನ ಕೂಗಿದ್ದು ನಿನ್ನ ಸ್ಕ್ರಿಪ್ಟಲ್ಲಿತ್ತಾ?”

ಆ ದೃಶ್ಯ ತೆಗೆದುಹಾಕುತ್ತೇನೆಂದು ಅವನು ಎಲ್ಲರೆದುರು ಒಪ್ಪಿಕೊಂಡ ಮೇಲೆಯೇ ಕೈಬಿಟ್ಟೆ.

ಮನೆಗೆ ಬಂದರೆ, ಹಾಸಿಗೆ ಹಿಡಿದಿದ್ದ ಅಪ್ಪ ಆಸೆಯಿಂದ ಕೇಳಿದ: “ನಾನು ಸತ್ತಿದ್ದು ಚೆನ್ನಾಗಿ ಬಂದಿತ್ತಾ?”

ಆ ಗಳಿಗೆಯಲ್ಲಿ ಅವನ ಮೇಲೂ ನನಗೆ ಸಿಟ್ಟು ಉಕ್ಕಿತು.